ರೊಟ್ಟಿಗೆ ಕಾಲಂ ಇರಲಿಲ್ಲ

2012ರ ಬೇಸಿಗೆ. ಮಾನವಶಾಸ್ತ್ರದ ವಿದ್ಯಾರ್ಥಿನಿಯಾಗಿ ನೆರೆ ಪರಿಹಾರದ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆ ಬಿಟ್ಟು ಎತ್ತರಕ್ಕೆ ಬಂದ ಊರೊಂದಕ್ಕೆ ಹೋಗಿದ್ದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನ ಆ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಜಾಸ್ತಿ ಜನ ಸತ್ತರು. ಮಣ್ಣಿನ ಮಾಳಿಗೆ ಮನೆಗಳು ನೆನೆದು ನೆನೆದು ಕುಸಿದವು. ಆಮೇಲೆ ‘ಆಸರೆ’ ಯೋಜನೆಯಲ್ಲಿ ಸರ್ಕಾರ, ದಾನಿಗಳು ಸೇರಿ ಹೊಸ ಊರುಗಳನ್ನು ಕಟ್ಟಿಸಿದರು.

ನಾನು ಹೋದ ಮನೆಯ ಅಜ್ಜಿ ಕಿಟಕಿಯ ಸರಳಿಗೇ ಎಮ್ಮೆ ಕಟ್ಟಿದ್ದರು. ಮುಂದಿನ ಕೋಣೆಯಲ್ಲಿ ಅರ್ಧ ಜಾಗ ಕಣಕಿಗೇ, ಅಂದರೆ ಜೋಳದ ದಂಟಿನ ಮೇವಿಗೇ, ಹೋಗಿತ್ತು. ಮನೆಯೇನೋ ಗಟ್ಟಿಯಾಗಿತ್ತು. ಆದರೆ ಅವರ ಹಳೇ ಮನೆಯಲ್ಲಿ ಬಾಗಿಲು ದಾಟಿದರೆ ಮೊದಲು ದನ, ಅದರಾಚೆ ಎತ್ತರದ ಕಟ್ಟೆ, ಅಲ್ಲಿ ಮನೆಮಂದಿ. ಎಮ್ಮೆಯ ಉಸಿರು ಕೇಳದಿದ್ದರೆ ಈಗಲೂ ನಿದ್ದೆ ಹತ್ತುವುದಿಲ್ಲ ಅಂದರು.

ಫಾರಂ ತೆಗೆದು ಕೇಳಿದೆ: ನೆರೆ ಬಂದಾಗ ಏನೇನು ಸಿಕ್ತು ಅಮ್ಮಾ? ಅಕ್ಕಿ, ಬ್ರೆಡ್ಡು, ಹೊದಿಕೆ, ಹಳೇ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಬರೀ ಚೂಡಿದಾರ್.

“ಈ ವಯಸ್ಸಿನಾಗ ನಾ ಚೂಡಿ ಹಾಕ್ಕೊಳ್ಳಲೇನವಾ?”

ಎಲ್ಲವನ್ನೂ ಕತ್ತರಿಸಿ ಕೌದಿ ಹೊಲಿದಿದ್ದರು. ನಾನು ಕೂತಿದ್ದೇ ಅದರ ಮೇಲೆ. ನೀಲಿ ಹೂವಿನ ತೋಳೊಂದು ನನ್ನ ಮೊಣಕಾಲ ಹತ್ತಿರವೇ ಇತ್ತು, ಸಣ್ಣ ಸಣ್ಣ ಹೊಲಿಗೆ. ಅದನ್ನು ಸವರುತ್ತಾ, “ಯಾರ ಮನೀದೋ ಏನೋ, ಅವರ ಮಕ್ಕಳು ತಣ್ಣಗಿರಲಿ” ಅಂದರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಕೊಟ್ಟೇವಿ ತಂಗಿ. ಅದನ್ನ ಯಾರೂ ಕೇಳಂಗಿಲ್ಲ” ಅಂದರು.

ನೀರು ಏರಿದ ಎರಡನೇ ರಾತ್ರಿ. ಎಲ್ಲರೂ ದಿನ್ನೆಯ ಮೇಲಿನ ಗುಡಿಯಲ್ಲಿದ್ದರು. ಉಳಿದಿದ್ದು ಒಂದೇ ಚೀಲ ಜೋಳದ ಹಿಟ್ಟು. ಈಕೆ ಮತ್ತು ಇನ್ನಿಬ್ಬರು ಹೆಂಗಸರು ಮೂರು ಕಲ್ಲು ಹೂಡಿ ಬೆಳಗಿನ ತನಕ ರೊಟ್ಟಿ ಬಡಿದರು. ಪಕ್ಕದ ಊರಿಂದ ನೆನೆದುಕೊಂಡು ಬಂದವರಿಗೆ ಮೊದಲು ಹಾಕಿದರು. ಲಾರಿಗಳು ಬಂದಿದ್ದು ಅದಾದ ಮೇಲೆ.

ಕೊಡುವುದು, ಪಡೆಯುವುದು, ತಿರುಗಿ ಕೊಡುವುದು, ಈ ಮೂರೂ ಒಂದೇ ಸರಪಣಿ ಅಂತ ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಹೇಳಿದ್ದನ್ನು ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಆದರೂ ನನ್ನ ಫಾರಂನಲ್ಲಿ ಪಡೆದದ್ದಕ್ಕೆ ಹನ್ನೊಂದು ಕಾಲಂ ಇದ್ದವು, ಕೊಟ್ಟದ್ದಕ್ಕೆ ಒಂದೂ ಇರಲಿಲ್ಲ. ನನಗೆ ತುಂಬಾ ನೋವಾಯಿತು. ಎರಡೂವರೆ ವರ್ಷದಲ್ಲಿ ಎಷ್ಟು ಜನ ಬಂದು ಈಕೆಯನ್ನು ಬರೀ ಕೈಚಾಚುವವರ ಲೆಕ್ಕಕ್ಕೆ ಸೇರಿಸಿ ಹೋಗಿರಬೇಕು, ಅಲ್ವಾ? ಪೆನ್ನಿನಲ್ಲೇ ಅಂಚಿಗೆ ಗೆರೆ ಎಳೆದು ಬರೆದೆ.

ಹೊರಡುವಾಗ ನಾಲ್ಕು ಖಡಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟರು. ನಾನು ಬೇಡ ಅನ್ನಲಿಲ್ಲ.

“ಇದನ್ನೂ ಬರ್ಕೋ,” ಅಂದರು. “ನಾಕು ರೊಟ್ಟಿ.”