ಹಕ್ಕಿಯ ಬೆನ್ನು ತೋರಿಸಿದ ಕಿಟಕಿಗಳು

ಉಡುಪಿ ಹತ್ತಿರದ ಪರ್ಕಳದಲ್ಲಿ ನನ್ನದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಕಿಟಕಿ ಮಾಡಿದ್ದೇನೆಂದು ಲೆಕ್ಕ ಇಟ್ಟವನಲ್ಲ. ಗಾಳಿ, ಬೆಳಕು, ಭದ್ರತೆ, ಈ ಮೂರು ಸರಿಯಿದ್ದರೆ ಕಿಟಕಿ ಸರಿ ಎಂದು ಅಪ್ಪ ಕಲಿಸಿದ್ದರು. ಎರಡು ವರ್ಷಗಳ ಹಿಂದೆ ಹೆಬ್ರಿ ಕಡೆಯ ನಿವೃತ್ತ ಮಾಸ್ತರೊಬ್ಬರು ನಾಲ್ಕು ಕಿಟಕಿ ಮಾಡಿಸಿದರು. ಅವರಿಗೆ ಈ ಮೂರೂ ಬೇಡವಾಗಿದ್ದವು. ಒಳಗೆ ಬೆಳಕು ಬರಬಾರದು, ಗಾಳಿ ಬಂದರೆ ಹಿಂದಿನಿಂದ ಮಾತ್ರ ಬರಬೇಕು, ಇನ್ನು ಕಳ್ಳ ಬಂದರೆ ಕದಿಯಲು ಅಲ್ಲಿ ಇರುವುದು ಒಂದು ಪ್ಲಾಸ್ಟಿಕ್ ಕುರ್ಚಿ.

ಮೊದಲ ದಿನ ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಅಮೆರಿಕದಲ್ಲಿ ಜಿಂಕೆ ಬೇಟೆಯವರು ತಮ್ಮ ಜಾಗದಲ್ಲಿ ಪ್ಲೈವುಡ್ಡಿನ ಗೂಡೊಂದನ್ನು ಕಟ್ಟಿ, ಕೈಯಾರೆ ಕಿಟಕಿ ಮಾಡಿ ಕೂರಿಸುವುದು. ನನಗೆ ಎದೆ ಧಸಕ್ಕೆಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲು ನಮ್ಮ ಊರುಗಳಲ್ಲೂ ಬೋಂಟೆಗೆ, ಅಂದರೆ ಬೇಟೆಗೆ, ಹೋಗುತ್ತಿದ್ದ ಕತೆಗಳನ್ನು ಹಿರಿಯರು ಹೇಳುತ್ತಾರೆ, ಆದರೆ ಈಗ ಆ ಹೆಸರು ಹೇಳಿಕೊಂಡು ಕೆಲಸ ಹಿಡಿದರೆ ಪೊಲೀಸರು ನನ್ನ ಶೆಡ್ಡಿಗೂ ಬಂದಾರು. "ಕೋವಿ ಅಲ್ಲ ಮಾರಾಯರೇ, ಕ್ಯಾಮೆರಾ" ಎಂದು ಮಾಸ್ತರು ನಕ್ಕರು. ತೋಟದ ಮೂಲೆಯಲ್ಲಿ ಹಕ್ಕಿಗಳಿಗೆ ನೀರಿನ ಗುಂಡಿ ಮಾಡಿದ್ದಾರಂತೆ. ಹದಿನೈದು ಅಡಿ ದೂರದಲ್ಲಿ ಕುಳಿತು ಫೋಟೋ ತೆಗೆಯಲು ಒಂದು ಮರೆ ಬೇಕು.

ಮರೆಯೇನೋ ಸುಲಭ. ಮುರಕಲ್ಲಿನ ಪಂಚಾಂಗ (ಅಡಿಪಾಯದ ಕಟ್ಟೆ), ಎಂಟಡಿಗೆ ಆರಡಿಯ ಪ್ಲೈವುಡ್ ಗೋಡೆ, ಮೇಲೆ ಅವರ ಹಳೆಯ ದನದ ಕೊಟ್ಟಿಗೆಯಿಂದ ಇಳಿಸಿದ ಮಂಗಳೂರು ಹಂಚು. ಹತ್ತು ದಿನದಲ್ಲಿ ಮುಗಿಯಿತು. ಕಿಟಕಿಗಳನ್ನು ಮನೆಗೆ ಮಾಡುವಂತೆಯೇ ನೆಲದಿಂದ ಮೂರಡಿ ಎತ್ತರಕ್ಕೆ ಕೂರಿಸಿದೆ. ಹೆಬ್ಬಲಸಿನ ಚೌಕಟ್ಟು, ಅದರಲ್ಲಿ ತೋಡು ಕೊರೆದು 4 ಮಿಲಿಮೀಟರ್ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಾಳೆ, ಪಕ್ಕಕ್ಕೆ ಸರಿಯುವ ಹಾಗೆ. ನೋಡಲು ಅಂದವಾಗಿತ್ತು. ಮಾಸ್ತರು ಹಣ ಕೊಟ್ಟರು, ಊಟ ಹಾಕಿದರು.

ಒಂದು ತಿಂಗಳ ನಂತರ ಫೋನ್ ಬಂತು. ಅವರು ಬೈಯುವವರಲ್ಲ. "ಆಚಾರ್ಯರೇ, ಫೋಟೋದಲ್ಲಿ ಎಲ್ಲ ಹಕ್ಕಿಗಳೂ ನನಗೆ ಅಡ್ಡಬೀಳುತ್ತಿರುವ ಹಾಗೆ ಕಾಣುತ್ತವೆ" ಎಂದರು. ಹೋಗಿ ನೋಡಿದೆ. ಒಂದೂವರೆ ಅಡಿ ಪಂಚಾಂಗ, ಅದರ ಮೇಲೆ ಮೂರಡಿ ಕಿಟಕಿ. ನೀರು ಇರುವುದು ನೆಲದಲ್ಲಿ. ನಾಲ್ಕೂವರೆ ಅಡಿ ಮೇಲಿನಿಂದ ತೆಗೆದರೆ ಹಕ್ಕಿಯ ಬೆನ್ನು ಮತ್ತು ನೆತ್ತಿ ಬಿಟ್ಟು ಇನ್ನೇನು ಸಿಗುತ್ತದೆ? ಫೋಟೋ ತೆಗೆಯುವವರಿಗೆ ಹಕ್ಕಿಯ ಕಣ್ಣಿನ ಎತ್ತರಕ್ಕೆ ಲೆನ್ಸ್ ಬೇಕು. ನಾನು ಅಳತೆ ತೆಗೆದದ್ದು ನಿಂತುಕೊಂಡು. ಅವರು ಕೂರುವುದು ಎಲ್ಲಿ, ಯಾವುದರ ಮೇಲೆ ಎಂದು ಒಂದು ಮಾತು ಕೇಳಿರಲಿಲ್ಲ. ಈ ತಪ್ಪು ಹೊಸಬ ಮಾಡಿದ್ದರೆ ನಾನೇ ಅವನಿಗೆ ಎರಡು ಮಾತು ಆಡುತ್ತಿದ್ದೆ.

ಅಷ್ಟರಲ್ಲಿ ಜೂನ್ ಬಂತು. ಘಟ್ಟದ ಬುಡದ ಮಳೆ ಎಂದರೆ ಗೊತ್ತಲ್ಲ. ಅವಸರಕ್ಕೆ ಪೂರ್ತಿ ಒಣಗದ ಮರ ಬಳಸಿದ್ದೆ, ಒಪ್ಪಿಕೊಳ್ಳುತ್ತೇನೆ. ಮರ ಡೊಂಕಾಗಿ, ಮಳೆಗೆ ಉಬ್ಬಿ, ತೋಡು ಹಾಳೆಯನ್ನು ಹಲ್ಲುಕಚ್ಚಿ ಹಿಡಿಯಿತು. ಎರಡು ಕಿಟಕಿ ತೆರೆಯಲೇ ಇಲ್ಲ, ಮೂರನೆಯದು ತೆರೆದಾಗ ಹೊರಟ ಕಿರುಚಾಟಕ್ಕೆ ತೋಟದ ಹಕ್ಕಿಗಳೆಲ್ಲ ಹಾರಿದವು. ತಿರುಪಿನಿಂದ ಬಿಗಿದ ಒಂದು ಹಾಳೆ ತೂತಿನ ಬದಿಯಲ್ಲಿ ಸೀಳಿತ್ತು. ಇದರ ಕಾರಣ ಮಾತ್ರ ಮಳೆಯಲ್ಲ, ಅದಕ್ಕೆ ಮೊದಲಿನ ಬಿಸಿಲು. ಅಕ್ರಿಲಿಕ್ ಗಾಜಿನ ಹಾಗಲ್ಲ, ಬಿಸಿಗೆ ಬಹಳ ಹಿಗ್ಗುತ್ತದೆ. ಎರಡಡಿ ಅಗಲದ ಹಾಳೆ 20 ಡಿಗ್ರಿ ಬಿಸಿಯೇರಿದರೆ ಸುಮಾರು 0.8 ಮಿಲಿಮೀಟರ್ ಬೆಳೆಯುತ್ತದೆ, ಅದೇ ಅಳತೆಯ ಗಾಜು 0.1ರ ಆಸುಪಾಸು. ಬಿಗಿ ತೂತಿನಲ್ಲಿ ಬಿಗಿ ತಿರುಪು ಹಾಕಿದರೆ ಅದಕ್ಕೆ ಬೆಳೆಯಲು ಜಾಗವೆಲ್ಲಿ? ಈಗ 4 ಮಿಲಿಮೀಟರ್ ತಿರುಪಿಗೆ 6ರ ತೂತು ಕೊರೆದು, ರಬ್ಬರ್ ವಾಷರ್ ಇಟ್ಟು, ಬೆರಳಿಗೆ ಅಲ್ಲಾಡದಷ್ಟು ಮಾತ್ರ ಬಿಗಿಸುತ್ತೇನೆ.

ಮಾಸ್ತರಿಗೆ ನಾನು ಹೇಳಿದ್ದು ಒಂದೇ: ಇನ್ನು ಕೆಲಸ ಶುರು ಮಾಡುವ ಮೊದಲು ಒಂದು ಬೆಳಿಗ್ಗೆ ನಾನೇ ಅಲ್ಲಿ ಕೂರುತ್ತೇನೆ. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಆರು ಗಂಟೆಗೆ ಹೋಗಿ ಕುಳಿತೆ. ಬಾಯಿ ಮುಚ್ಚಿ ಎರಡು ಗಂಟೆ ಕೂರುವುದು ನನ್ನ ಜಾಯಮಾನಕ್ಕೆ ಕಷ್ಟ, ಆದರೆ ಆ ಎರಡು ಗಂಟೆಯಲ್ಲಿ ಕಂಡದ್ದು ಅಷ್ಟಿಷ್ಟಲ್ಲ. ಮೊದಲು ಪಿಕಳಾರ ಬಂತು, ಆಮೇಲೆ ಹರಟೆಮಲ್ಲಗಳ ದಂಡು. ನಾನು ಕೈ ಎತ್ತಿದ ಕೂಡಲೇ ಎಲ್ಲವೂ ಹಾರಿದವು. ಹಿಂದಿನ ಗೋಡೆಯಲ್ಲೂ ಒಂದು ಕಿಟಕಿ ಇಟ್ಟಿದ್ದೆನಲ್ಲ, ಅದರ ಬೆಳಕಿಗೆ ನನ್ನ ನೆರಳು ತೊಗಲುಗೊಂಬೆಯ ಹಾಗೆ ಹೊರಗೆ ಕಾಣುತ್ತಿತ್ತು. ಒಳಗೆ ಬಳಿದ ಎನಾಮೆಲ್ ಬಣ್ಣ ಬೇರೆ ಮಿಂಚುತ್ತಿತ್ತು. ಅಮೆರಿಕದವರ ಜಿಂಕೆಗೆ ಮೂಗು ಚುರುಕು, ಆದ್ದರಿಂದ ಮನುಷ್ಯನ ವಾಸನೆ ಹೊರಗೆ ಹೋಗದಂತೆ ಅವರು ಕಿಟಕಿ ಮುಚ್ಚಿಟ್ಟುಕೊಂಡು ಕಾಯುತ್ತಾರೆ. ನಮ್ಮ ಹಕ್ಕಿಗೆ ಚುರುಕು ಇರುವುದು ಕಣ್ಣು. ವಿಡಿಯೋ ನೋಡಿ ಕಿಟಕಿ ಮಾಡುವಾಗ ನಾನು ಮರೆತದ್ದು ಇದನ್ನೇ.

ಎರಡನೆಯ ಸಲ ಹಿಂದಿನ ಕಿಟಕಿಯನ್ನು ಹಲಗೆ ಹೊಡೆದು ಮುಚ್ಚಿದೆ. ಮೇಲ್ಗಡೆ ಒಂದು ಸೀಳು ಮಾತ್ರ ಬಿಟ್ಟು, ಗಾಳಿ ಬಂದು ಬೆಳಕು ಬಾರದಂತೆ ಕಪ್ಪು ಬಟ್ಟೆ ಇಳಿಬಿಟ್ಟೆ. ಆ ಸೀಳು ಇಲ್ಲದಿದ್ದರೆ ಚಳಿಯ ಬೆಳಿಗ್ಗೆ ಉಸಿರಿಗೆ ಅಕ್ರಿಲಿಕ್ ಮಂಜಾಗುತ್ತದೆ. ಒಳಗೋಡೆಗೆ ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಬಳಿದೆ. ಹೊಳಪಿಲ್ಲದ ಕಪ್ಪು ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು, ಮಾಸ್ತರಿಗೂ ಪರಿಚಿತ ವಾಸನೆ. ಉಳಿದ ಮೂರು ಕಿಟಕಿಗಳ ಕೆಳಗಿನ ಅಂಚನ್ನು ಒಂದಡಿಗೆ ಇಳಿಸಿದೆ, ಕುರ್ಚಿ ಹೋಗಿ ಮಣೆ ಬಂತು. ಪಂಚಾಂಗ ಒಡೆಯುವ ಧೈರ್ಯ ನನಗೆ ಬರಲಿಲ್ಲ. ಅದರ ಬದಲು ನೀರಿನ ಗುಂಡಿಯನ್ನೇ ಮಣ್ಣು ಹಾಕಿ ಎರಡಡಿ ಎತ್ತರದ ದಿಬ್ಬಕ್ಕೆ ಏರಿಸಿದೆವು. ಉಪಾಯ ಮಾಸ್ತರ ಮಡದಿಯದು. ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಕಿಟಕಿ ಈಗ ಸರಿಯುವುದಿಲ್ಲ. ಮೇಲೆ ಹಿತ್ತಾಳೆಯ ಬಿಜಾಗರಿ, ಕೆಳಗಿನಿಂದ ಒಳಕ್ಕೆ ಎತ್ತಿ ಮಾಡಿನ (ಛಾವಣಿಯ) ಕೊಕ್ಕೆಗೆ ದಾರದಲ್ಲಿ ಸಿಕ್ಕಿಸುವುದು. ಹೊರಕ್ಕೆ ತೆರೆದರೆ ಮಳೆಗೆ ಒಳ್ಳೆಯದು, ಆದರೆ ಅಲುಗಾಟ ಹಕ್ಕಿಗೆ ಕಾಣುತ್ತದೆ. ಕಬ್ಬಿಣದ ಬಿಜಾಗರಿಯನ್ನು ಯೋಚಿಸಲೂ ಇಲ್ಲ. ಮಲ್ಪೆಯ ಮನೆಗಳಲ್ಲಿ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕಿರುಗುಟ್ಟುವುದನ್ನು ಸಾಕಷ್ಟು ಕೇಳಿದ್ದೇನೆ. ತೆರೆದ ಜಾಗಕ್ಕೆ ಹಳೆಯ ಕೊಡೆಯ ಬಟ್ಟೆ ಇಳಿಬಿಟ್ಟು, ಲೆನ್ಸ್ ತೂರುವಷ್ಟು ಸೀಳಿದೆವು.

ಚಿಲಕದ್ದೇ ದೊಡ್ಡ ರಾಮಾಯಣ. ಕಬ್ಬಿಣದ ಅಗುಳಿ ಟಕ್ ಎಂದಿತು. ಅಯಸ್ಕಾಂತ ಹಾಕಿದೆ, ಅದೂ ಟಕ್ ಎಂದಿತು. ಚೀಲಗಳಿಗೆ ಹಾಕುವ ಅಂಟುಪಟ್ಟಿ (ವೆಲ್ಕ್ರೋ) ಹಚ್ಚಿದೆ. ಅದನ್ನು ಬಿಡಿಸಿದಾಗ ಬಂದ ಚರ್ರ್ ಸದ್ದಿಗೆ ಮಾಸ್ತರ ನಾಯಿಯೂ ಎದ್ದು ನಿಂತಿತು. ಕೊನೆಗೆ ನೆನಪಾದದ್ದು ನಮ್ಮ ಅಜ್ಜನ ಮನೆಯ ಪೆಟ್ಟಿಗೆಯ ಮರದ ತಿರುಗುಬಿಲ್ಲೆ. ಒಂದೇ ತಿರುಪಿನ ಮೇಲೆ ಸುತ್ತುವ ಒಂದಂಗುಲದ ಮರದ ತುಂಡು. ಅದರ ಅಡಿಗೆ ಫೆಲ್ಟ್ ಬಟ್ಟೆ ಬೇಕಿತ್ತು. ಹಾರ್ಮೋನಿಯಂ ರಿಪೇರಿ ಮಾಡುವ ಪರಿಚಯದವರೊಬ್ಬರು ಹಾರ್ಮೋನಿಯಂನ ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಅಡಿಗೆ ಹಾಕುವ ಫೆಲ್ಟಿನ ಚೂರುಗಳನ್ನು ಪುಕ್ಕಟೆ ಕೊಟ್ಟರು. ಚೌಕಟ್ಟಿನ ಸುತ್ತಲೂ ಅದನ್ನೇ ಅಂಟಿಸಿದೆ. ಎಣ್ಣೆ ಮಾತ್ರ ಎಲ್ಲೂ ಹಾಕಲಿಲ್ಲ. ತೆಂಗಿನೆಣ್ಣೆ ಹಾಕಿದರೆ ಧೂಳು, ಹಿಂದೆಯೇ ಇರುವೆ. ಒಣ ಮೇಣದಬತ್ತಿ ಉಜ್ಜಿದರೆ ಸಾಕು.

ಎರಡನೆಯ ಸಲದ ಮರ ಮತ್ತು ಹಾಳೆಯ ಖರ್ಚು ಮಾತ್ರ ತೆಗೆದುಕೊಂಡೆ. ಕೂಲಿ ಬೇಡವೆಂದಾಗ ಮಾಸ್ತರು ಮುನಿಸಿಕೊಂಡು ಒಂದು ಗೋಣಿ ತೆಂಗಿನಕಾಯಿ ಗಾಡಿಗೆ ಹಾಕಿದರು. ಜನವರಿಯಲ್ಲಿ ಒಂದು ನವರಂಗದ ಫೋಟೋ ಕಳುಹಿಸಿದರು, ಎದುರಿನಿಂದ ತೆಗೆದದ್ದು, ಕಣ್ಣಲ್ಲಿ ಬೆಳಕಿನ ಚುಕ್ಕೆಯ ಸಮೇತ. ನಾನು ನನ್ನ ಹೆಂಡತಿಗೆ ಹಕ್ಕಿ ತೋರಿಸುವ ಬದಲು ಮೂಲೆಯಲ್ಲಿ ಮಸುಕಾಗಿ ಬಿದ್ದಿದ್ದ ಕೊಡೆಬಟ್ಟೆಯ ಅಂಚನ್ನು ತೋರಿಸಿದೆ.

ಒಳಕ್ಕೆ ತೆರೆಯುವ ಕಿಟಕಿಯ ಸಮಸ್ಯೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಅಂಚಿಗೆ ಇಳಿಜಾರು ಕೊಟ್ಟು ಮಾಡನ್ನು ಎರಡಡಿ ಮುಂದಕ್ಕೆ ಚಾಚಿದರೂ, ಪಶ್ಚಿಮದ ಗಾಳಿಮಳೆಗೆ ಎಡಗಡೆಯ ಕಿಟಕಿಯ ಮೂಲೆ ಹನಿಯುತ್ತದೆ. ಸದ್ಯಕ್ಕೆ ಅಡಿಯಲ್ಲಿ ಒಂದು ತೆಂಗಿನ ಗೆರಟೆ ಇಟ್ಟಿದ್ದಾರೆ. ಹನಿ ಬಿದ್ದಾಗ ಅದೂ ಸದ್ದು ಮಾಡುತ್ತದೆಯಂತೆ. ಏಪ್ರಿಲಿನಲ್ಲಿ ಹೋಗಬೇಕು.