ಪಾಲಿಶ್ ಮಾಡಿಕೊಟ್ಟ ಆರು ಪಟ್ಟಿಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಇಟ್ಟುಕೊಂಡು ಹದಿನಾರು ವರ್ಷಗಳಾದವು. ಪಂಪಿನ ಶಾಫ್ಟ್, ಸಕ್ಕರೆ ಕಾರ್ಖಾನೆಯ ಬಿಡಿಭಾಗ, ಹೈಡ್ರಾಲಿಕ್ ಸಿಲಿಂಡರಿನ ರಾಡ್, ನಮ್ಮ ಅನ್ನ ಇವುಗಳದ್ದು. ಸಮುದ್ರದೊಂದಿಗೆ ನಮಗಿದ್ದ ನಂಟೆಂದರೆ ಘಟ್ಟ ಹತ್ತಿ ಬರುವ ಮೀನಿನ ಲಾರಿಗಳು ಮಾತ್ರ. ಹಾಗಾಗಿ ಕಳೆದ ಫೆಬ್ರುವರಿಯಲ್ಲಿ ನಿವೃತ್ತರೊಬ್ಬರು ಗೋಣಿಚೀಲದಿಂದ ಆರು ಸ್ಟೇನ್‌ಲೆಸ್ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದು, "ಇವು ಹಾಯಿದೋಣಿಯವು, ತಮ್ಮಾ" ಎಂದಾಗ ನನಗೆ ನಗು ಬಂದಿತು.

ಅವರ ಕೈಯಲ್ಲಿದ್ದದ್ದು ಹನ್ನೆರಡು ಲಕ್ಷ. ಗೋವಾದಲ್ಲಿ ದಡಕ್ಕೆ ಎಳೆದಿಟ್ಟಿದ್ದ 34 ಅಡಿಯ ಹಳೆಯ ಫೈಬರ್ ದೋಣಿಯೊಂದಕ್ಕೆ ಹನ್ನೊಂದು ಲಕ್ಷ ಹೇಳಿದ್ದರು; ಪಟ್ಟಿಗಳು ಅದರವೇ. ಮೊದಲು ಕೊಚ್ಚಿ, ಆಮೇಲೆ ಲಕ್ಷದ್ವೀಪ, ಧೈರ್ಯ ಬಂದರೆ ಇನ್ನೂ ದೂರ ಎಂಬುದು ಅವರ ಲೆಕ್ಕ. ಹಾಯಿಕಂಬವನ್ನು ಎಡಬಲಕ್ಕೆ ಬಿಗಿದು ನಿಲ್ಲಿಸುವ ತಂತಿಹಗ್ಗಗಳು ಈ ಪಟ್ಟಿಗಳಿಗೇ ಕಟ್ಟಿರುತ್ತವೆ. ಪಟ್ಟಿ ಡೆಕ್ಕನ್ನು, ಅಂದರೆ ದೋಣಿಯ ಮೇಲಿನ ನೆಲವನ್ನು, ತೂರಿಕೊಂಡು ಕೆಳಗಿಳಿದು ಒಡಲಿಗೆ ಬೋಲ್ಟ್ ಆಗಿರುತ್ತದೆ. ಗಾಳಿ ಜೋರಾಗಿದ್ದಾಗ ಒಂದು ತುಂಡಾದರೂ ಕಂಬ ನೀರಿಗೆ ಬೀಳಬಹುದು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ನನಗೆ ಕಂಡದ್ದು ಮಾಸಿದ ಸ್ಟೀಲು ಅಷ್ಟೇ. ಬಫ್ ಹಚ್ಚಿ ಕನ್ನಡಿಯಂತೆ ಮಾಡಿ, "ಗಟ್ಟಿಮುಟ್ಟಾಗಿವೆ ಕಾಕಾ" ಎಂದು ಹೇಳಿ, 900 ರೂಪಾಯಿ ಪಡೆದೆ.

ಅವರು ಚಹಾ ಮುಗಿಸುವಷ್ಟರಲ್ಲಿ ನಮ್ಮ ಹಿರಿಯ ಮಿಸ್ತ್ರಿ ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದರು. "ನಡುವೆ ಕಂದು ಗೆರೆ ಇತ್ತಲ್ಲ, ಅದನ್ನೂ ಅಳಿಸಿಬಿಟ್ಟೆಯಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿರುಕು ಹುಡುಕುವ ಮೊದಲು ಬಫ್ ಹಚ್ಚಿದರೆ ಲೋಹದ ಮೇಲ್ಮೈ ಸವರಿಕೊಂಡು ಬಿರುಕಿನ ಬಾಯಿಯೇ ಮುಚ್ಚಿಹೋಗುತ್ತದೆ. ಇದು ನಮ್ಮ ಕಸುಬಿನಲ್ಲಿ ಹೊಸಬನಿಗೂ ಗೊತ್ತಿರುವ ಸಂಗತಿ. ಮಿಸ್ತ್ರಿ ಆಸಿಡ್‌ನಿಂದ ಆ ಪದರವನ್ನು ತೆಗೆಸಿದರು. ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ದ್ರವ, ಪೆನಿಟ್ರಂಟ್, ಸಿಂಪಡಿಸಿ, ಕಾದು, ಒರೆಸಿ, ಅದನ್ನು ಮತ್ತೆ ಮೇಲೆಳೆಯುವ ಬಿಳಿ ಡೆವಲಪರ್ ಹೊಡೆದೆವು. ಎರಡು ಪಟ್ಟಿಗಳ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೆಲ್ಲಗೆ ಮೂಡಿತು. ಎರಡೂ ಡೆಕ್ಕಿನೊಳಗೆ ಹುದುಗಿದ್ದ ಜಾಗದಲ್ಲೇ.

ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪದರ ಹರಿದಲ್ಲಿ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಉಪ್ಪುನೀರು ಇಂಗಿ ಗಾಳಿಯಾಡದ ಸಂದಿಯಲ್ಲಿ ಆ ಪದರ ಸೋಲುತ್ತದೆ, ಒಳಗೊಳಗೇ ಕೊರೆತ ಶುರುವಾಗುತ್ತದೆ. ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆಯ ಸ್ಟೇನ್‌ಲೆಸ್ ಉಪ್ಪಿಗೆ ಹೆಚ್ಚು ತಾಳುತ್ತದೆ. 304 ದರ್ಜೆ ಅಷ್ಟು ತಾಳುವುದಿಲ್ಲ. ಆಯಸ್ಕಾಂತ ಹಿಡಿದು ಇವೆರಡನ್ನೂ ಬೇರ್ಪಡಿಸುತ್ತೇನೆ ಎನ್ನುವ ಗುಜರಿ ವ್ಯಾಪಾರಿಗಳನ್ನು ನಂಬಬೇಡಿ. ಎರಡೂ ಅದಕ್ಕೆ ಸರಿಯಾಗಿ ಅಂಟುವುದಿಲ್ಲ.

ಪಟ್ಟಿ ಹೊಸದಾಗಿ ಮಾಡುವುದು ಏನೂ ದೊಡ್ಡ ಖರ್ಚಲ್ಲ. ನನ್ನನ್ನು ಕಾಡಿದ್ದು ಆ ಕಂದು ಗೆರೆ. ಅಲ್ಲಿಗೆ ವರ್ಷಗಟ್ಟಲೆ ನೀರು ಇಳಿದಿದ್ದರೆ ಡೆಕ್ಕಿನ ಗತಿ ಏನು? ಪ್ರಾಯಶ್ಚಿತ್ತ ಎಂದುಕೊಂಡು ಒಂದು ಭಾನುವಾರ ಅವರ ಜೊತೆ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋದೆ.

ದೋಣಿ ನೋಡಲು ಮದುಮಗಳಂತಿತ್ತು. ಹೊಸ ಬಣ್ಣ, ತೇಗದ ಒಳಾಂಗಣ, ಅಡುಗೆಮನೆಯಲ್ಲಿ ಹೊಸ ಒಲೆ. ಇಂಥ ದೋಣಿಗಳ ಡೆಕ್ಕಿನಲ್ಲಿ ಫೈಬರಿನ ಎರಡು ಪದರಗಳ ನಡುವೆ ಹಗುರ ಮರದ ತಿರುಳು ಇರುತ್ತದೆ. ಗ್ರೈಂಡಿಂಗ್ ಚಕ್ರ ಏರಿಸುವ ಮುನ್ನ ನಾವು ತಟ್ಟಿ ನೋಡುವುದಿಲ್ಲವೇ, ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿಯುವುದಿಲ್ಲವೇ, ಹಾಗೆಯೇ ಸುತ್ತಿಗೆಯ ಹಿಡಿಕೆಯಿಂದ ಡೆಕ್ಕಿನುದ್ದಕ್ಕೂ ತಟ್ಟುತ್ತಾ ಹೋದೆ. ಟಕ್ ಟಕ್ ಎನ್ನುತ್ತಿದ್ದದ್ದು ಪಟ್ಟಿಗಳ ಹತ್ತಿರ ಬಂದಾಗ ದೊಪ್ ದೊಪ್ ಎನ್ನತೊಡಗಿತು. ಕಂಬದ ಬುಡದವರೆಗೂ ಅದೇ ಸತ್ತ ಸದ್ದು. ತಿರುಳು ಕೊಳೆತಿತ್ತು. ಅದನ್ನು ಬಿಚ್ಚಿ ಹೊಸದು ಕೂರಿಸಲು ತಿಂಗಳುಗಟ್ಟಲೆ ಕೂಲಿ ಬೇಕು. ಕಾಕಾರ ಬಳಿ ಉಳಿಯುತ್ತಿದ್ದದ್ದು ಒಂದು ಲಕ್ಷ.

ಅದೇ ಅಂಗಳದ ಮೂಲೆಯಲ್ಲಿ 27 ಅಡಿಯದೊಂದು ನಿಂತಿತ್ತು. ಬೆಲೆ ಆರೂವರೆ ಲಕ್ಷ. ಹಾಸಿಗೆಗಳು ಹರಿದಿದ್ದವು, ಬಣ್ಣ ಮಂಕಾಗಿತ್ತು. ಆದರೆ ಅದರ ಪಟ್ಟಿಗಳು ಒಡಲಿನ ಹೊರಮೈಗೇ ಬೋಲ್ಟ್ ಆಗಿದ್ದವು, ಬಚ್ಚಿಟ್ಟ ಸಂದಿಯೇ ಇಲ್ಲ. ಡೆಕ್ಕು ಎಲ್ಲೆಡೆ ಗಟ್ಟಿಯಾಗಿ ನುಡಿಯಿತು. ಎಂಜಿನ್ ತಣ್ಣಗಿದ್ದಾಗಲೇ ಶುರುವಾಯಿತು. ಮಾಲೀಕ ಹಿಂದಿನ ಹಂಗಾಮಿನವರೆಗೂ ಅದನ್ನು ಓಡಿಸಿದ್ದ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರಾವುದಿದೆ?

"ಆದರೆ ಇಷ್ಟು ಚಿಕ್ಕದರಲ್ಲಿ ಸಮುದ್ರಕ್ಕೆ ಹೋಗಬಹುದೇ?" ಎಂದು ಕಾಕಾ ಕೇಳಿದರು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ನೌಕಾಪಡೆಯ 'ಮ್ಹಾದೇಯಿ'ಯಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದದ್ದು ಅವರ ತಲೆಯಲ್ಲಿ ಕೂತಿತ್ತು. ಅದು 56 ಅಡಿಯದು, ಸರ್ಕಾರದ ದುಡ್ಡಿನದು. ದೋಣಿಯ ಮಾಲೀಕನೇ ಇನ್ನೊಂದು ಕಥೆ ಹೇಳಿದ. 1968–69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 312 ದಿನ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಜಗತ್ತು ಸುತ್ತಿದ 'ಸುಹೈಲಿ' ಮುಂಬೈಯಲ್ಲಿ ಕಟ್ಟಿದ ದೋಣಿ. ಅದರ ಉದ್ದ 32 ಅಡಿ.

ನನಗೆ ಗೊತ್ತಿದ್ದದ್ದು ಫೌಂಡ್ರಿಯ ಲೆಕ್ಕ. ಎರಕದ ಪ್ಯಾಟರ್ನನ್ನು, ಅಂದರೆ ಅಚ್ಚು ಮಾಡುವ ಮಾದರಿಯನ್ನು, ಎಲ್ಲ ಕಡೆಯೂ ಕಾಲು ಪಾಲು ಹಿಗ್ಗಿಸಿದರೆ ಎರಕದ ತೂಕ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. 27ರಿಂದ 34 ಅಡಿಗೆ ಹೋಗುವುದೂ ಕಾಲು ಪಾಲಿನ ಹಿಗ್ಗೇ. ಅಡಿಯ ಲೆಕ್ಕದಲ್ಲಿ ಏಳು ಅಂತ ಕಂಡರೂ ಲಂಗರು, ಸರಪಳಿ, ತಂತಿ, ಹಾಯಿ ಎಲ್ಲವೂ ಆ ದುಪ್ಪಟ್ಟು ತೂಕಕ್ಕೆ ತಕ್ಕಂತೆ ಬೆಳೆಯುತ್ತವೆ. ಕಂಬದ ತಂತಿಗಳನ್ನು ಹತ್ತು ವರ್ಷದ ಆಸುಪಾಸಿನಲ್ಲಿ ಬದಲಿಸುವುದು ವಾಡಿಕೆ, ಆ ಖರ್ಚು ಹೇಗೂ ಬಂದೇ ಬರುತ್ತದೆ. ಮರಳಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಕಾಕಾ ಬಹಳ ಹೊತ್ತು ದೊಡ್ಡ ದೋಣಿಯನ್ನೇ ನೋಡುತ್ತಿದ್ದರು. ನಾನೂ ಒತ್ತಾಯಿಸಲಿಲ್ಲ. ಮನೆ ಕಟ್ಟುವಾಗ ನಾನೂ ಒಂದು ಕೋಣೆ ಹೆಚ್ಚು ಕಟ್ಟಿ ಗಿಲಾವು ಮಾಡಿಸಲು ನಾಲ್ಕು ವರ್ಷ ಒದ್ದಾಡಿದವನೇ.

ಕೊನೆಗೆ ಚಿಕ್ಕದನ್ನೇ ಕೊಂಡರು, ಆರು ಲಕ್ಷ ಹತ್ತು ಸಾವಿರಕ್ಕೆ. ಉಳಿದ ದುಡ್ಡಿನಲ್ಲಿ ತಂತಿಗಳು, ಒಂದು ಹೊಸ ಹಾಯಿ ಮತ್ತು ಒಂದು ನಂಬರು ದೊಡ್ಡ ಲಂಗರು ಬಂದವು. ಆ ದೋಣಿಗೆ ಆರು ಹೊಸ ಪಟ್ಟಿಗಳನ್ನು ನಾನೇ ಮಾಡಿಕೊಟ್ಟೆ. ಇದು 316 ಎಂದು ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ಹಾಳೆ ಕತ್ತರಿಸಿದೆ. ರಂಧ್ರಗಳನ್ನು ಹಳೆಯ ಪಟ್ಟಿ ಇಟ್ಟು ಅಳೆದು ಕೊರೆದೆ, ಬಫ್ ಹಚ್ಚಿದ್ದು ಪೆನಿಟ್ರಂಟ್ ಪರೀಕ್ಷೆಯ ನಂತರ. ಬಿಲ್ಲಿನಲ್ಲಿ 900 ರೂಪಾಯಿ ಕಳೆದೆ. ಕಾಕಾ ಯಾಕೆಂದು ಕೇಳಲಿಲ್ಲ. ಚುಕ್ಕಾಣಿಯ ಎರಡು ಪಿನ್‌ಗಳನ್ನು ಮುಂದಿನ ವಾರ ಕಳಿಸುವುದಾಗಿ ಹೇಳಿದ್ದಾರೆ, ಒರೆಸದೆ, ಇದ್ದ ಹಾಗೆಯೇ.