ಒಳಗಿನಿಂದ ಚಿಲಕ ಇದೆಯಾ?

ಕಳೆದ ಶನಿವಾರ ಸಂಜೆ ಏಳೂವರೆ. ಹೊರಗೆ ಆಟಿ ಮಳೆ ಬಿಡದೆ ಸುರಿಯುತ್ತಿತ್ತು. ಕರೆಂಟ್ ಹೋಗಿ ಎರಡು ದಿನ. ಇನ್‌ವರ್ಟರ್ ಕೀಂಯ್ ಅನ್ನಲು ಶುರುಮಾಡಿತ್ತು. ಅಣ್ಣ, ಅತ್ತಿಗೆ, ಅವರ ಮಗಳು, ನಾನು, ನಾಲ್ಕೂ ಜನ ಒಂದೇ ಲ್ಯಾಪ್‌ಟಾಪಿನ ಮುಂದೆ ಒತ್ತಿಕೊಂಡು ಕೂತಿದ್ದೆವು. ಆ ಕಡೆ ಅಮೆರಿಕದ ಅಯೋವಾದಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ಹೈಸ್ಕೂಲ್ ವಿನಿಮಯ ಕಾರ್ಯಕ್ರಮದಲ್ಲಿ ಓದಲು ಹೋಗುವ ನಮ್ಮ ಹುಡುಗಿಯನ್ನು ಹತ್ತು ತಿಂಗಳು ಮನೆಯಲ್ಲಿಟ್ಟುಕೊಳ್ಳುವ ಗಂಡ ಹೆಂಡತಿ ಊಟದ ಮೇಜಿನ ಹತ್ತಿರ ಕೂತು ಕೈ ಬೀಸುತ್ತಿದ್ದರು.

ಮಾತು ಚೆನ್ನಾಗಿಯೇ ಹೋಯಿತು. ಅನ್ನ ಸಿಗುತ್ತಾ ಅಂತ ಅತ್ತಿಗೆ ಕೇಳಿದರು. ಹಿಮದಲ್ಲಿ ಹಾಕುವ ಬೂಟ್ ಇಲ್ಲಿಂದ ತರುವುದು ಬೇಡ, ಅಲ್ಲೇ ಕೊಂಡರಾಯ್ತು ಅಂತ ಆ ಹೆಂಗಸು ಹೇಳಿದರು. ನಾಯಿಯನ್ನು ಎತ್ತಿ ತೋರಿಸಿದರು. ಅಣ್ಣ ಕಾಫಿ ತೋಟದ ಬಗ್ಗೆ ಹೇಳಿದ. ಆಮೇಲೆ ನಾನು ಕೇಳಿದೆ.

"ಇವಳು ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ?"

ಆ ಗಂಡಸು ನಕ್ಕರು. "ನಮ್ಮ ಮನೆಯಲ್ಲಿ ಯಾರೂ ಬಾಗಿಲಿಗೆ ಚಿಲಕ ಹಾಕಿಕೊಳ್ಳುವುದಿಲ್ಲ" ಅಂದರು.

ಮೇಜಿನ ಕೆಳಗೆ ಅಣ್ಣ ನನ್ನ ಕಾಲು ಒತ್ತಿದ. ಅತ್ತಿಗೆ ತಕ್ಷಣ ನಾಯಿಗೆ ಎಷ್ಟು ವರ್ಷ ಅಂತ ಕೇಳಿದರು. ಮಾತು ನಾಯಿಯ ಕಡೆ ತಿರುಗಿತು. ಎರಡು ನಿಮಿಷದಲ್ಲಿ ನೆಟ್‌ವರ್ಕ್ ಹೋಯಿತು.

ಆ ನಗು ಈ ವಾರವೆಲ್ಲ ನನ್ನ ಕಿವಿಯಲ್ಲೇ ಇದೆ. ಅಕ್ಕಿ ರೊಟ್ಟಿ ತಟ್ಟುವಾಗ, ಒಣಗದ ಬೆಡ್‌ಶೀಟನ್ನು ಒಲೆಯ ಹತ್ತಿರ ಹರವುವಾಗ, ಅದೇ. ಅದು ಕೆಟ್ಟ ನಗು ಅಂತ ನಾನು ಹೇಳುತ್ತಿಲ್ಲ. ಅವರು ಒಳ್ಳೆಯವರೇ ಇರಬಹುದು. "ನೀವು ಹೆದರಬೇಡಿ, ಇದು ಅಂಥ ಮನೆಯಲ್ಲ" ಅನ್ನುವುದನ್ನೇ ಆ ಮಾತಿನಲ್ಲಿ ಹೇಳಿರಬಹುದು. ಆದರೆ ನಾನು ಕೇಳಿದ್ದು ಅವರ ಮನೆಯ ಪದ್ಧತಿಯನ್ನಲ್ಲ. ಚಿಲಕ ಇದೆಯಾ ಇಲ್ಲವಾ ಅಂತ. ಅದಕ್ಕೆ ಉತ್ತರ ಬರಲೇ ಇಲ್ಲ.

ಅವತ್ತು ರಾತ್ರಿ ಅಣ್ಣ ನನ್ನ ಮೇಲೆ ಸಿಟ್ಟಾದ. "ಪುಕ್ಕಟೆಯಾಗಿ ಮಗಳನ್ನ ಸಾಕ್ತೀವಿ ಅಂತಾರೆ. ಅವರ ಹತ್ರ ಇದನ್ನೆಲ್ಲ ಕೇಳ್ತಾರಾ? ಅವರಿಗೆ ಎಂತ ಅನ್ನಿಸಿರ್ಬೇಡ?" ಅಂದ. ಪುಕ್ಕಟೆ ಅನ್ನುವುದು ನಿಜ. ಈ ಹೈಸ್ಕೂಲ್ ವಿನಿಮಯ ಕಾರ್ಯಕ್ರಮದಲ್ಲಿ ಅಮೆರಿಕದ ಆತಿಥೇಯ ಮನೆಯವರಿಗೆ ದುಡ್ಡು ಕೊಡುವ ಹಾಗಿಲ್ಲ. ಇಷ್ಟಪಟ್ಟು ಕರೆದುಕೊಳ್ಳುವವರೇ ಬರಲಿ ಅಂತ. ಅಣ್ಣ ಒಳ್ಳೆಯವನು, ಆದರೆ ಉಪಕಾರ ಮಾಡಿದವರ ಮುಂದೆ ಅವನ ತಲೆ ಏಳುವುದಿಲ್ಲ. ನಮ್ಮ ಕಡೆ ಎಷ್ಟೋ ಜನ ಹಾಗೇ. ಕೊಟ್ಟವರನ್ನು ಪ್ರಶ್ನೆ ಕೇಳಿದರೆ ಮರ್ಯಾದೆ ಕಳೆದ ಹಾಗೆ ಅಂದುಕೊಳ್ಳುತ್ತೇವೆ.

ಈ ಕಾರ್ಯಕ್ರಮ ನಡೆಸುವವರು ಏನೂ ನೋಡದೆ ಮನೆ ಆರಿಸುವುದಿಲ್ಲ. ಅಮೆರಿಕ ಸರ್ಕಾರದ ನಿಯಮವೇ ಇದೆ. ಮನೆಯಲ್ಲಿ 18 ತುಂಬಿದ ಪ್ರತಿಯೊಬ್ಬರ ಮೇಲೂ ಕ್ರಿಮಿನಲ್ ಕೇಸ್ ಇದೆಯಾ ಅಂತ ನೋಡಬೇಕು. ಸಂಬಂಧಿಕರಲ್ಲದ ಇಬ್ಬರು ಆ ಮನೆಯ ಬಗ್ಗೆ ಹೇಳಬೇಕು. ಯಾರಾದರೂ ಖುದ್ದು ಹೋಗಿ ಮನೆ ನೋಡಿ, ಮನೆಯವರ ಜೊತೆ ಕೂತು ಮಾತಾಡಬೇಕು. ಅಡುಗೆಮನೆ, ಬಚ್ಚಲು, ಮಕ್ಕಳು ಮಲಗುವ ಕೋಣೆ, ಎಲ್ಲದರ ಫೋಟೋ ಬೇಕು. ನಮಗೂ ಫೋಟೋ ಕಳಿಸಿದ್ದರು. ಹಳದಿ ಪರದೆ, ಕಿಟಕಿಯ ಹತ್ತಿರ ಮೇಜು. ಬಾಗಿಲಿನ ಫೋಟೋ ಮಾತ್ರ ಇರಲಿಲ್ಲ. ಬಾಗಿಲಲ್ಲಿ ನಿಂತು ಫೋಟೋ ತೆಗೆದರೆ ಬಾಗಿಲು ಕಾಣುವುದಿಲ್ಲ ಅಲ್ವಾ?

ಹದಿನಾಲ್ಕು ವರ್ಷದಿಂದ ನಾನು ಹೋಂಸ್ಟೇ ನಡೆಸುತ್ತಿದ್ದೇನೆ. ಬಂದವರ ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುತ್ತೇನೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಸರ್ಕಾರಕ್ಕೆ ಕಳಿಸುತ್ತೇನೆ. ಬಂದವರು ಯಾರು ಅಂತ ನನಗೆ ಗೊತ್ತಿರುತ್ತದೆ. ನನ್ನ ಮನೆ ಎಂಥದ್ದು ಅಂತ ಅವರಿಗೆ ಗೊತ್ತಾಗುವುದು ಎಷ್ಟು? ಅತಿಥಿ ಬರುವ ದಿನ ನಮ್ಮ ಮನೆ ಬೇರೆಯೇ ಮನೆ. ಅಂಗಳ ಗುಡಿಸಿರುತ್ತದೆ. ಯಾರೂ ಯಾರ ಮೇಲೂ ಕೂಗುವುದಿಲ್ಲ. ಎರಡು ದಿನ ಎಂಥವರೂ ಚೆನ್ನಾಗಿ ಇರಬಲ್ಲರು. ಹತ್ತು ತಿಂಗಳು ಬೇರೆ ಲೆಕ್ಕ.

ಅದಕ್ಕೇ ಆ ನಿಯಮಗಳಲ್ಲಿ ನನಗೆ ಸಮಾಧಾನ ಕೊಟ್ಟಿದ್ದು ಎರಡನೇ ಭೇಟಿ. ಮಗು ಬಂದು ಎರಡು ತಿಂಗಳು ಆಗುವುದರೊಳಗೆ ಇನ್ನೊಮ್ಮೆ ಮನೆಗೆ ಹೋಗಿ ನೋಡಬೇಕು. ಮೊದಲು ಆ ಮನೆ ಆರಿಸಿದವರೇ ಹೋಗುವ ಹಾಗಿಲ್ಲ, ಬೇರೆಯವರು ಹೋಗಬೇಕು. ತಾನು ಆರಿಸಿದ ಮನೆಯಲ್ಲಿ ತಪ್ಪು ಹುಡುಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅದನ್ನು ತಿಳಿದವರೇ ಈ ನಿಯಮ ಬರೆದಿದ್ದಾರೆ. ಜೊತೆಗೆ ಕಾರ್ಯಕ್ರಮದ ಕಡೆಯ ಸ್ಥಳೀಯ ಕೋಆರ್ಡಿನೇಟರ್ ತಿಂಗಳಿಗೊಮ್ಮೆ ಮಗುವಿನ ಜೊತೆ ಮಾತಾಡಬೇಕು. ಕೋಆರ್ಡಿನೇಟರ್ ಮನೆ ಮಗು ಇರುವ ಮನೆಯಿಂದ 120 ಮೈಲಿಯೊಳಗೆ ಇರಬೇಕಂತೆ. ಅಂದರೆ 190 ಕಿಲೋಮೀಟರ್ ಚಿಲ್ಲರೆ. ಮಡಿಕೇರಿಯಿಂದ ಹೊರಟರೆ ಮೈಸೂರು ಕಳೆದು ಮದ್ದೂರು ದಾಟಬೇಕು. ರಾತ್ರಿ ಹನ್ನೊಂದಕ್ಕೆ ಒಂದು ಮಗು ಹೆದರಿ ಫೋನ್ ಮಾಡಿದರೆ ಅದು ಹತ್ತಿರವಾ?

ನಮ್ಮ ಊರಿನಲ್ಲಿ ಒಂದು ಮನೆ ಹೇಗೆ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು. ಯಾರ ಮನೆಯವರು? ಮನೆ ಹೆಸರು ಹೇಳಿದರೆ ಐದು ನಿಮಿಷದಲ್ಲಿ ಮೂರು ತಲೆಮಾರಿನ ಜಾತಕ ಸಿಗುತ್ತದೆ. ಯಾರು ಕುಡಿದು ತೋಟ ಮಾರಿದರು, ಯಾರ ಹೆಂಡತಿ ತವರಿಗೆ ಹೋದವಳು ವಾಪಸ್ ಬರಲಿಲ್ಲ, ಎಲ್ಲ. ಇದರ ಮೇಲೆ ನಮಗೆ ಭಾರೀ ನಂಬಿಕೆ. ಅಣ್ಣನ ಕಷ್ಟ ಇದೇ. ಅಯೋವಾದವರನ್ನು ಯಾರ ಮನೆಯವರು ಅಂತ ಕೇಳಲು ಬರುವುದಿಲ್ಲ. ಹಾಗಾಗಿ ನಗುಮುಖ ನೋಡಿ ಒಪ್ಪಿಕೊಂಡ.

ಆದರೆ ಮನೆ ಹೆಸರು ಎಲ್ಲವನ್ನೂ ಹೇಳುತ್ತದಾ?

ಸೋಮವಾರ ಮಧ್ಯಾಹ್ನ ಹುಡುಗಿ ನನ್ನ ಹತ್ತಿರ ಬಂದು ಕೂತಳು. ಆಟಿ ತಿಂಗಳ ಹದಿನೆಂಟಕ್ಕೆ ಸೊಪ್ಪಿನ ಪಾಯಸ ಉಂಡು ಹೊರಡುವವಳು ಅವಳು. ಸೂಟ್‌ಕೇಸ್ ಆಗಲೇ ಅರ್ಧ ತುಂಬಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಕೇಳಿದಳು.

"ಅತ್ತೆ, ನೀವು ಮೈಸೂರಲ್ಲಿ ಓದುವಾಗ ಇದ್ರಲ್ಲ, ಆ ಮನೆಯಲ್ಲಿ ಚಿಲಕ ಇರ್ಲಿಲ್ವಾ?"

ಹದಿನಾರು ವರ್ಷದ ಹುಡುಗಿಗೆ ಇದು ಹೊಳೆಯಿತು. ನನ್ನ ಅಣ್ಣನಿಗೆ ಮೂವತ್ತು ವರ್ಷದಲ್ಲಿ ಹೊಳೆಯಲಿಲ್ಲ.

ಇರಲಿಲ್ಲ ಅಂದೆ. ಪಿಯುಸಿಗೆ ಅಂತ ನನ್ನನ್ನು ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದರು. ಗೊತ್ತಿದ್ದವರ ಮನೆ, ಒಳ್ಳೆಯ ಮನೆ. ಅಪ್ಪ ಹೋಗುವಾಗ ಒಂದು ಗೊನೆ ಬಾಳೆಹಣ್ಣು, ಒಂದು ಬಾಟಲಿ ಜೇನು ಕೊಟ್ಟು ಕೈಮುಗಿದು ಬಂದಿದ್ದರು. ಆ ಮನೆಯಲ್ಲಿ ಒಬ್ಬರು ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದರು. ಪುಸ್ತಕ ಹುಡುಕುತ್ತಿದ್ದೇನೆ ಅನ್ನುತ್ತಿದ್ದರು. ನಾನು ರಾತ್ರಿ ಬಾಗಿಲಿಗೆ ಟ್ರಂಕ್ ಒತ್ತಿಟ್ಟು ಮಲಗುತ್ತಿದ್ದೆ. ಒಂದು ವರ್ಷ ಹಾಗೆ ಕಳೆಯಿತು. ಆಮೇಲೆ ಅಲ್ಲಿನ ನೀರು ಒಗ್ಗುತ್ತಿಲ್ಲ ಅಂತ ಸುಳ್ಳು ಹೇಳಿ ಹಾಸ್ಟೆಲ್ ಸೇರಿದೆ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಆ ಮನೆಯ ಹೆಸರು ಅಷ್ಟು ದೊಡ್ಡದು.

ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಇಂಗ್ಲೆಂಡಿನಲ್ಲಿ 16 ತುಂಬದ ಮಗು ಹತ್ತಿರದ ಸಂಬಂಧಿಕರಲ್ಲದವರ ಮನೆಯಲ್ಲಿ 28 ದಿನ ಅಥವಾ ಅದಕ್ಕಿಂತ ಜಾಸ್ತಿ ಇರುವುದಾದರೆ ಸ್ಥಳೀಯ ಕೌನ್ಸಿಲ್‌ಗೆ ತಿಳಿಸಲೇಬೇಕು. ಅವರು ಬಂದು ನೋಡುತ್ತಾರೆ. ನಾವು ಪ್ರತಿ ಜೂನ್‌ನಲ್ಲಿ ಎಷ್ಟು ಮಕ್ಕಳನ್ನು ಮೈಸೂರು, ಮಂಗಳೂರು ಅಂತ ಯಾರದೋ ಮನೆಯಲ್ಲಿ ಬಿಟ್ಟು ಬರುತ್ತೇವೆ! ಒಂದು ಪ್ರಶ್ನೆ ಕೇಳುವುದಿಲ್ಲ. ಗಂಡು ಮಕ್ಕಳ ವಿಷಯದಲ್ಲಂತೂ ಯೋಚನೆಯೇ ಬರುವುದಿಲ್ಲ. ಪೋಕ್ಸೋ ಕೇಸ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಮಗುವಿಗೆ ಗೊತ್ತಿದ್ದವರೇ. ಆದರೂ ನಾವು ಹೆದರುವುದು ಗೊತ್ತಿಲ್ಲದವರಿಗೆ ಮಾತ್ರ.

ಮಂಗಳವಾರ ನಾನು ಕೋಆರ್ಡಿನೇಟರ್‌ಗೆ ಮೇಲ್ ಬರೆದೆ. ಅಣ್ಣನಿಗೂ ತೋರಿಸಿಯೇ ಕಳಿಸಿದೆ. ಚಿಲಕ ಇದೆಯಾ, ಬಚ್ಚಲಿಗೆ ಇದೆಯಾ, ಮನೆಗೆ ಬಂದು ಉಳಿಯುವ ದೊಡ್ಡವರು ಯಾರಾದರೂ ಇದ್ದಾರಾ, ಈ ಮನೆ ಬೇಡ ಅಂತ ಮಗು ಹೇಳಿದರೆ ಆ ರಾತ್ರಿ ಎಲ್ಲಿ ಮಲಗುತ್ತಾಳೆ. ಕೊನೆಯ ಪ್ರಶ್ನೆಯನ್ನು ಹುಡುಗಿಯೇ ಸೇರಿಸಿದ್ದು.

ಮರುದಿನ ಬೆಳಿಗ್ಗೆಯೇ ಉತ್ತರ ಬಂತು. ಕೋಆರ್ಡಿನೇಟರ್ ಹೆಂಗಸಿಗೆ ಬೇಸರವೇ ಆಗಿರಲಿಲ್ಲ. ಕೋಣೆಗೂ ಬಚ್ಚಲಿಗೂ ಒಳಗಿನಿಂದ ಲಾಕ್ ಇದೆ, ನಾನೇ ತಿರುಗಿಸಿ ನೋಡಿದ್ದೇನೆ ಅಂತ ಬರೆದಿದ್ದರು. ಮನೆಯವರಿಗೂ ನಿಮ್ಮ ಪ್ರಶ್ನೆ ಹೇಳಿದೆ, ಬಾಗಿಲು ತಟ್ಟದೆ ಯಾರೂ ಒಳಗೆ ಹೋಗಬಾರದು ಅಂತ ಮಾತಾಗಿದೆ ಅಂದಿದ್ದರು. ಮನೆ ಬದಲಿಸಬೇಕಾದರೆ ಆ ರಾತ್ರಿ ಇರಲು ಇನ್ನೊಂದು ಮನೆ ಗೊತ್ತುಮಾಡಿದ್ದಾರೆ. ಅವರ ಮೇಲೆ ನನಗೆ ಗೌರವ ಬಂತು. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಅಷ್ಟೇ ಸಾಕಿತ್ತು.

ಕಷ್ಟ ಬಂದರೆ ಹೇಳಲು ಒಂದು ಗುಟ್ಟಿನ ಮಾತು ಇಟ್ಟುಕೊಳ್ಳೋಣ ಅಂತ ನಾನು ಹುಡುಗಿಗೆ ಹೇಳಿದ್ದೆ. ಅವಳು ಬೇಡ ಅಂದಳು. "ಅತ್ತೆ, ನಾನು ಅರೆಭಾಷೆಯಲ್ಲಿ ಮಾತಾಡಿದ್ರೆ ಅಲ್ಲಿ ಯಾರಿಗೆ ಅರ್ಥ ಆಗುತ್ತೆ? ಅವರ ಪಕ್ಕದಲ್ಲೇ ಕೂತು ಎಲ್ಲ ಹೇಳ್ತೀನಿ" ಅಂದಳು. ಆದರೆ ನಾವು ಕೇಳಬೇಕು. ಮೂವತ್ತು ವರ್ಷದ ಹಿಂದೆ ನನ್ನ ಜೊತೆಯೂ ಫೋನಿನಲ್ಲಿ ಅದೇ ಭಾಷೆ ಆಡುತ್ತಿದ್ದರು. ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿ ಇಡುತ್ತಿದ್ದರು.

ಅಣ್ಣ ಆ ಉತ್ತರವನ್ನು ಎರಡು ಸಲ ಓದಿದ. ನನ್ನ ಮೈಸೂರಿನ ವಿಷಯ ಅತ್ತಿಗೆ ಅವನಿಗೆ ಹೇಳಿರಬೇಕು, ಗೊತ್ತಿಲ್ಲ. ಅವನು ಏನೂ ಕೇಳಲಿಲ್ಲ. ಜೀಪ್ ತೆಗೆದುಕೊಂಡು ಮಳೆಯಲ್ಲೇ ಮಡಿಕೇರಿಗೆ ಹೋಗಿ ಬಂದ. ಸಂಜೆ ಮಹಡಿಯ ಮೇಲೆ ಸದ್ದು ಕೇಳಿ ಹತ್ತಿ ಹೋದೆ. ಮಗಳ ಕೋಣೆಯ ಹಳೆ ಚಿಲಕ ಮುರಿದು ಎಷ್ಟೋ ವರ್ಷ ಆಗಿತ್ತು. ನಮಗೆ ಯಾರಿಗೂ ಅದು ಕಂಡಿರಲಿಲ್ಲ. ಅವಳು ಹೊರಡಲು ಇನ್ನು ಹತ್ತು ದಿನ. ಅಣ್ಣ ಹೊಸ ಚಿಲಕ ತಂದಿದ್ದ. ಮಳೆಗೆ ಬಾಗಿಲು ಉಬ್ಬಿ ಅದು ಸರಿಯಾಗಿ ಕೂರುತ್ತಿರಲಿಲ್ಲ. ಉಳಿ ಹಿಡಿದು ಚೌಕಟ್ಟನ್ನು ಸ್ವಲ್ಪ ಸ್ವಲ್ಪವೇ ಕೆತ್ತುತ್ತಿದ್ದ. ನಾನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದೆ.